ಅವರ ಚೀಟಿಯ ಕ್ಯಾಮ್‌ಶಾಫ್ಟ್

ನನ್ನ ಗಂಡ ತೀರಿಕೊಂಡಾಗ ನಮ್ಮ ಕಾರಿನ ಎಂಜಿನ್ ಶಿಡ್ಲಘಟ್ಟದ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅವರು ಕರೆಂಟ್ ಆಫೀಸಿನಲ್ಲಿ ಕೆಲಸಕ್ಕಿದ್ದರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ. ಅದಕ್ಕೆ ಹದಿನೈದು ದಿನ ಮುಂಚೆಯಷ್ಟೇ ಹಳೆಯ ಕಾರಿನ ಎಂಜಿನ್ ಇಳಿಸಿ, ದೊಡ್ಡ ಪಿಸ್ಟನ್ ಹಾಕಿಸಿ, ಅದನ್ನು ಬಾಣದ ಹಾಗೆ ಓಡುವಂತೆ ಮಾಡಿಸುತ್ತೇನೆಂದು ಹೊರಟಿದ್ದರು. ಅದು ಅವರ ಹುಚ್ಚು. ನನಗೆ ಅದರಲ್ಲಿ ಪಾಲಿರಲಿಲ್ಲ.

ನಾನು ಅಳಲಿಲ್ಲ. ಹನ್ನೊಂದನೆಯ ದಿನವೂ ಅಳಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ, "ಪಾಪ, ಒಳಗೇ ಇಟ್ಕೊಂಡವ್ಳೆ" ಎಂದರು. ಒಳಗೂ ಏನೂ ಇರಲಿಲ್ಲ. ಅನ್ನಕ್ಕಿಡುತ್ತಿದ್ದೆ, ತಟ್ಟೆ ತೊಳೆಯುತ್ತಿದ್ದೆ, ಬಾಗಿಲಿಗೆ ಬೀಗ ಹಾಕಿ ಬಸ್ಸು ಹತ್ತುತ್ತಿದ್ದೆ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಅನಿಸುತ್ತದಲ್ಲ, ಹಾಗೆ ಐದು ತಿಂಗಳು ಕಳೆದೆ.

ನನಗೆ ಬಸ್ಸೇ ದೊಡ್ಡ ಕಷ್ಟವಾಯಿತು. ಮನೆ ಚಿಕ್ಕಬಳ್ಳಾಪುರದಲ್ಲಿ, ಕೆಲಸ ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ. ವರ್ಷಗಟ್ಟಲೆ ಅದೇ ಬಸ್ಸು, ಅದೇ ಮುಖಗಳು. ಅವರೆಲ್ಲ ಒಳ್ಳೆಯವರು, ಅದೇ ತೊಂದರೆ. ಸೀಟು ಬಿಟ್ಟುಕೊಡುತ್ತಿದ್ದರು. "ಊಟ ಸರಿಯಾಗಿ ಮಾಡ್ತಿದೀರಾ? ರಾತ್ರಿ ನಿದ್ದೆ ಬರ್ತದಾ?" ಎಂದು ಮಂಚೇನಹಳ್ಳಿ ಬರುವವರೆಗೆ ಕೇಳುತ್ತಿದ್ದರು. ಒಂದು ದಿನ ಕಂಡಕ್ಟರ್ ಕೂಡ ಟಿಕೆಟ್ ಹರಿದು ಕೊಟ್ಟು ನಿಟ್ಟುಸಿರು ಬಿಟ್ಟ. ಆವತ್ತೇ ತೀರ್ಮಾನಿಸಿದೆ, ಇನ್ನು ಕಾರಿನಲ್ಲಿ ಹೋಗುತ್ತೇನೆ, ಯಾರಿಗೂ ಉತ್ತರ ಹೇಳದೆ ಹೋಗುತ್ತೇನೆ ಎಂದು. ಡ್ರೈವಿಂಗ್ ಬರುತ್ತಿತ್ತು, ಲೈಸೆನ್ಸೂ ಇತ್ತು.

ಮೈದುನ ಬೇರೆ ಲೆಕ್ಕ ಹಾಕಿದ್ದ. "ಅತ್ಗೆ, ಆ ಡಬ್ಬಾ ಇಟ್ಕೊಂಡು ಏನ್ ಮಾಡ್ತೀರಾ? ಹೆಂಗಿದ್ಯೋ ಹಂಗೇ ಮಾರ್ಬಿಡಣ. ಹಿಂದೂಪುರದಲ್ಲಿ ಒಬ್ರು ಕೇಳ್ತಾವ್ರೆ" ಎಂದ.

"ಓಡಿಸ್ತೀನಪ್ಪ" ಎಂದೆ.

"ಓಡಿದ್ರೆ ತಾನೆ ಓಡ್ಸೋದು!" ಎಂದು ನಕ್ಕ. ಕಾರು ಓಡಬೇಕು, ನಾನು ಓಡಿಸಬೇಕು. ಇಲ್ಲವಾದರೆ ಅದು ಹಿಂದೂಪುರಕ್ಕೆ, ನಾನು ಮತ್ತೆ ಬಸ್ಸಿಗೆ.

ಗ್ಯಾರೇಜಿಗೆ ಹೋದೆ. ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ ಸಾಕು, ರೇಷ್ಮೆ ಗೂಡು ಬೇಯಿಸುವ ವಾಸನೆ ಸೀರೆಗೆ ಹತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ನನ್ನ ಗಂಡನ ಓರಗೆಯವನು. ಅವರ ಜೊತೆ ಕೂತು ಎಂಜಿನ್ ಮಾತಾಡಿಯೇ ಎಷ್ಟೋ ಭಾನುವಾರ ಕಳೆದವನು. "ಅಕ್ಕ, ಎಲ್ಲಾ ರೆಡಿ ಐತೆ. ಕ್ಯಾಮ್ ಒಂದೇ ಬಾಕಿ. ಅಣ್ಣ ಚೀಟಿ ಬರೆದಿಟ್ಟು ಹೋದ್ರು" ಎಂದು ಎಣ್ಣೆ ಕಲೆಯ ಕಾಗದ ಕೊಟ್ಟ. ಅವರ ಅಕ್ಷರ. ಗುಂಡಗಿನ, ಅವಸರವಿಲ್ಲದ ಅಕ್ಷರ. ನೋಡಿದೆ, ಏನೂ ಆಗಲಿಲ್ಲ.

ಕ್ಯಾಮ್‌ಶಾಫ್ಟ್ ಎಂದರೆ ಏನೆಂದು ಆವತ್ತು ಅವನೇ ಹೇಳಿಕೊಟ್ಟ. ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಸಲಾಕೆ ಅದು. ತಿರುಗಿದಾಗ ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ತಳ್ಳುತ್ತದೆ, ಎಂಜಿನ್ ಉಸಿರೆಳೆದುಕೊಳ್ಳುತ್ತದೆ, ಬಿಡುತ್ತದೆ. ಉಬ್ಬು ಎಷ್ಟು ದಪ್ಪ, ವಾಲ್ವು ಎಷ್ಟು ಹೊತ್ತು ತೆರೆದಿರಬೇಕು ಎಂಬುದರ ಮೇಲೆ ಗಾಡಿಯ ಗುಣ. ಹೆಚ್ಚು ಹೊತ್ತು ತೆರೆದಿಟ್ಟರೆ ಜೋರಾಗಿ ಓಡುವಾಗ ಬಲ, ನಿಧಾನಕ್ಕೆ ಹೋಗುವಾಗ ನಡುಕ. ಕಡಿಮೆ ಹೊತ್ತಾದರೆ ನಿಧಾನದಲ್ಲಿ ಹದ, ಜೋರಿನಲ್ಲಿ ಸುಸ್ತು. ಎರಡೂ ಬೇಕೆಂದರೆ ಆಗದು. ಆ ತೆರೆದಿರುವ ಹೊತ್ತನ್ನು ಡಿಗ್ರಿಯಲ್ಲಿ ಅಳೆಯುತ್ತಾರಂತೆ. ಚೀಟಿಯಲ್ಲಿ ಇನ್ನೂರ ತೊಂಬತ್ತು ಡಿಗ್ರಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

"ಇದು ಜಾಸ್ತಿನಾ?" ಎಂದು ಕೇಳಿದೆ.

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ರೇಸ್ ಗಾಡಿಗೆ ಕಮ್ಮಿ, ಸಂತೆಗೆ ಹೋಗೋ ಗಾಡಿಗೆ ಜಾಸ್ತಿ. ಚಿಂತಾಮಣಿ ತಾತನ್ನೇ ಕೇಳಿ ಅಕ್ಕ. ಆದ್ರೆ ನೀವೇ ಹೋಗ್ಬೇಕು. ಓಡ್ಸೋರು ಎದುರಿಗೆ ಬಂದು ಕೂರದೆ ಆವಯ್ಯ ಅರೆಯೋ ಕಲ್ಲು ತಿರುಗ್ಸಲ್ಲ."

ಚಿಂತಾಮಣಿಯ ತಾತ ಬೆಂಗಳೂರಿನಲ್ಲಿ ರೇಸ್ ಕಾರುಗಳಿಗೆ ಕ್ಯಾಮ್ ಅರೆದುಕೊಡುತ್ತಿದ್ದು, ವಯಸ್ಸಾದ ಮೇಲೆ ಊರಿಗೆ ಬಂದವರು. ಮುಚ್ಚಿಹೋದ ಕಡಲೆಕಾಯಿ ಎಣ್ಣೆ ಮಿಲ್ಲಿನ ಹಿಂದೆ ಶೆಡ್ಡು, ಅದರೊಳಗೆ ಒಂದು ಹಳೆಯ ಗ್ರೈಂಡಿಂಗ್ ಮಿಷನ್ನು, ಗೋಡೆಗೆ ಸಾಲಾಗಿ ನಿಲ್ಲಿಸಿದ ಸಲಾಕೆಗಳು. ಅವರ ಕ್ರಮ ಮೆಕ್ಯಾನಿಕ್ ಹೇಳಿದ ಹಾಗೇ ಇತ್ತು. ಗಾಡಿ ಓಡಿಸುವವರನ್ನು ಸ್ಟೂಲಿನ ಮೇಲೆ ಕೂರಿಸಿ, ಯಾವ ರಸ್ತೆ, ಎಷ್ಟು ಏರು, ಯಾವ ಗೇರು ಎಂದೆಲ್ಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಆಮೇಲೆಯೇ ಕೆಲಸ.

ನನ್ನನ್ನೂ ಸ್ಟೂಲಿನ ಮೇಲೆ ಕೂರಿಸಿದರು. "ಯಾರಮ್ಮಾ ಓಡ್ಸೋದು?"

"ನಾನೇ."

ಮುಂದಿನ ಪ್ರಶ್ನೆ ಬರುವ ಮೊದಲೇ ಚೀಟಿ ಕೊಟ್ಟುಬಿಟ್ಟೆ. ಕನ್ನಡಕ ಏರಿಸಿ ಓದಿದರು.

"ಇದು ಯಾರು ಬರೆದಿದ್ದು?"

"ಅವರು. ಈಗ ಇಲ್ಲ."

ತಾತ ಚೀಟಿ ಮಡಿಸಿ, "ನೋಡು ತಾಯಿ, ಚೀಟಿ ಗಾಡಿ ಓಡ್ಸಲ್ಲ. ನಿನ್ನ ರಸ್ತೆ ಯಾವ್ದು ಹೇಳು" ಎಂದರು.

"ಅದರಲ್ಲಿ ಇರೋ ಹಾಗೇ ಮಾಡಿ" ಎಂದೆ. ನನಗೆ ಯೋಚಿಸುವ ಶಕ್ತಿ ಇರಲಿಲ್ಲ. ಮೇಲಾಗಿ, ಸತ್ತವರ ಮಾತು ಮೀರಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಬದುಕಿದ್ದಾಗ ಎಷ್ಟು ಮೀರಿದ್ದೇನೋ ದೇವರಿಗೇ ಗೊತ್ತು. ಅವರು ಹೇಳಿದ ಬಣ್ಣದ ಸೀರೆ ಒಂದು ದಿನವೂ ಉಟ್ಟವಳಲ್ಲ. ಹೋದ ಮೇಲೆ ವಿಧೇಯಳಾದೆ.

"ಸರೇ" ಎಂದರು ತಾತ. ಒಪ್ಪಿಗೆಯ ‘ಸರೇ’ ಆಗಿರಲಿಲ್ಲ ಅದು. ಅವರ ಕ್ರಮವನ್ನು ಅವರೇ ಮುರಿಯುವಂತೆ ಮಾಡಿದ್ದೆ.

ತಾತ ಅರೆದುಕೊಟ್ಟ ಕ್ಯಾಮ್ ಹಾಕಿ, ಎಂಜಿನ್ ಕೂರಿಸಿ ಕೀಲಿ ತಿರುಗಿಸಿದ ದಿನ ಮೆಕ್ಯಾನಿಕ್ಕಿನ ಮುಖ ನೋಡಬೇಕಿತ್ತು, ಮದುವೆಮನೆಯ ಹುಡುಗನ ಮುಖ. ಕಾರು ನಿಂತಲ್ಲೇ ಢಗ್ ಢಗ್ ಎಂದು ಮೈಯೆಲ್ಲ ಕುಲುಕುತ್ತಿತ್ತು. "ಕೇಳ್ರಿ ಅಕ್ಕ, ಅಣ್ಣಂಗೆ ಈ ಸದ್ದೇ ಬೇಕಾಗಿದ್ದಿದ್ದು!" ಎಂದು ಕಣ್ಣೊರೆಸಿಕೊಂಡ. ನಾನು ಕೇಳಿದೆ. ಸದ್ದು, ಅಷ್ಟೆ.

ಕೆಲಸಕ್ಕೆ ತೆಗೆದುಕೊಂಡು ಹೋದ ಮೊದಲ ದಿನವೇ ಗೌರಿಬಿದನೂರಿನ ರೈಲ್ವೆ ಗೇಟಿನಲ್ಲಿ ಎರಡು ಸಲ ಆಫ್ ಆಯಿತು. ಗೂಡ್ಸು ಹೋಗುವವರೆಗೆ ಆಕ್ಸಿಲೇಟರ್ ಒತ್ತಿಕೊಂಡೇ ಕೂರಬೇಕು. ಕಾಲು ತೆಗೆದರೆ ಸತ್ತುಹೋಗುತ್ತಿತ್ತು. ಪಕ್ಕದಲ್ಲಿ ಬೈಕ್ ನಿಲ್ಲಿಸಿದ್ದ ಹೂವಿನವನು ಕಿಟಕಿಗೆ ಬಗ್ಗಿ, "ಮೇಡಮ್ಮೋರೆ, ಗಾಡಿಗೆ ಚಳಿಜ್ವರ ಬಂದೈತೆ, ಕಂಬಳಿ ಹೊದಿಸ್ರಿ" ಎಂದ. ನಿಂತು ನಿಂತು ಹೋಗುವಾಗ ಎಂಜಿನ್ನಿನ ಎಳೆತ ಸಾಲದೆ ಬ್ರೇಕು ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಮೊದಲ ಗೇರಿನಲ್ಲಿ ಕುಪ್ಪಳಿಸುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ರಸ್ತೆಗೂ ಎಂಜಿನ್ನಿಗೂ ಹಾಗೇ ಆಗಿತ್ತು. ಎರಡು ವಾರ ಹಾಗೇ ಓಡಿಸಿದೆ. ಕ್ಲಚ್ ಒತ್ತಿ ಒತ್ತಿ ಸಂಜೆ ಎಡಗಾಲು ಊದಿಕೊಳ್ಳುತ್ತಿತ್ತು, ಅದಕ್ಕೂ ಬೇಸರವಾಗುತ್ತಿರಲಿಲ್ಲ.

ಮೂರನೆಯ ವಾರ, ಮನೆಗೆ ಬರುವಾಗ, ಗುಡ್ಡದ ಏರಿನಲ್ಲಿ ಮುಂದೆ ಟೊಮ್ಯಾಟೊ ಕ್ರೇಟು ತುಂಬಿದ ಟ್ರ್ಯಾಕ್ಟರ್ ಸಿಕ್ಕಿತು. ಅದರ ಹಿಂದೆ ನಿಧಾನಕ್ಕೆ ಹೋಗಬೇಕು, ಈ ಎಂಜಿನ್ನಿಗೆ ನಿಧಾನ ಬರುವುದಿಲ್ಲ. ಅರ್ಧ ಏರಿ ನಿಂತಿತು. ಹಿಂದಿದ್ದ ಬಸ್ಸು ಹಾರ್ನ್ ಹೊಡೆಯಿತು. ತಲೆಯೆತ್ತಿ ಕನ್ನಡಿ ನೋಡಿದರೆ ನನ್ನದೇ ಹಳೆಯ ಬಸ್ಸು. ಒಳ್ಳೆಯವರೆಲ್ಲ ಇಳಿದು ಬಂದು, ಪಾಪ ಪಾಪ ಎನ್ನುತ್ತಾ ಕಾರನ್ನು ಪಕ್ಕಕ್ಕೆ ತಳ್ಳಿದರು. ಒಬ್ಬಾಕೆ ನೀರಿನ ಬಾಟಲಿ ಕೊಟ್ಟು ಹೋದಳು.

ಬಸ್ಸು ಹೋದ ಮೇಲೆ ನನಗೆ ಕೋಪ ಬಂತು. ಐದು ತಿಂಗಳಲ್ಲಿ ಬಂದ ಮೊದಲ ಭಾವನೆ ಅದೇ. ಸ್ಟೇರಿಂಗ್ ಗುದ್ದಿ ನನ್ನ ಗಂಡನನ್ನು ಬಾಯಿಗೆ ಬಂದಂತೆ ಬೈದೆ. ಇನ್ನೂರ ತೊಂಬತ್ತು ಡಿಗ್ರಿಯಂತೆ! ಅವರ ಸ್ಪೀಡು ಅರವತ್ತು ದಾಟಿದ್ದನ್ನು ನಾನು ಕಂಡಿಲ್ಲ. ನಂದಿಗೆ ಹೋದರೆ ದಾರಿಯಲ್ಲಿ ಸಿಕ್ಕ ದ್ರಾಕ್ಷಿ ಅಂಗಡಿಗಳಲ್ಲೆಲ್ಲ ನಿಲ್ಲಿಸುವವರು. ಹಿಂದಿನಿಂದ ಯಾರು ಬಂದರೂ ಕೈ ತೋರಿಸಿ ಮುಂದೆ ಕಳಿಸುವವರು. "ಅವಸರ ಏನೇ ನಮಗೆ?" ಎನ್ನುತ್ತಿದ್ದರು. ಅಂಥವರು ಈ ಚೀಟಿಯನ್ನು ಯಾರಿಗಾಗಿ ಬರೆದರು? ತಾವು ಆಗಿದ್ದ ಮನುಷ್ಯನಿಗಲ್ಲ, ಆಗಬೇಕೆಂದು ಆಸೆಪಟ್ಟ ಮನುಷ್ಯನಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನನಗೆ ಜೀವನವೆಲ್ಲ ಬುದ್ಧಿ ಹೇಳಿದ ಮನುಷ್ಯ!

ಬೈದ ಮೇಲೆ ಹಗುರವಾಯಿತು ಎಂದರೆ ಸುಳ್ಳು. ಮತ್ತೆ ಮೊದಲಿನ ಹಾಗೇ ಮರಗಟ್ಟಿತು. ಆದರೆ ಮೈದುನ ಆ ವಾರವೇ ಹಿಂದೂಪುರದವರನ್ನು ಕರೆತರುತ್ತೇನೆ ಎಂದ. ಬರುವ ಭಾನುವಾರದ ನಂತರ ಬಾ ಎಂದು ಹೇಳಿ, ಭಾನುವಾರ ಬೆಳಿಗ್ಗೆ ಅದೇ ಕುಪ್ಪಳಿಸುವ ಕಾರಿನಲ್ಲಿ ಚಿಂತಾಮಣಿಗೆ ಹೋದೆ.

ತಾತ ಗೇಟಿನಲ್ಲೇ ನಿಂತಿದ್ದರು. ದೂರದಿಂದಲೇ ಸದ್ದು ಕೇಳಿ ಎದ್ದು ಬಂದಿದ್ದರಂತೆ. ನಾನೇ ಹೇಳಲಿ ಎಂದು ಕಾದರು.

"ಬೇರೆ ಅರೆದುಕೊಡಿ ತಾತ. ಆವತ್ತು ನೀವು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಈಗ ಕೇಳಿ."

"ಬಾ ತಾಯಿ" ಎಂದು ಸ್ಟೂಲು ಒರೆಸಿ ಕೂರಿಸಿದರು. ಇನ್ನೊಂದು ಸಲಾಕೆ ಆರಿಸಿ ಮಡಿಲಲ್ಲಿ ಇಟ್ಟುಕೊಂಡು, ನೋಟ್‌ಬುಕ್ ತೆರೆದರು. "ನಾಚ್ಕೋಬ್ಯಾಡ. ಇಲ್ಲಿಗೆ ಬರೋರೆಲ್ಲ ದೊಡ್ಡದೇ ಕೇಳೋದು. ಗಾಡಿ ವಿಷ್ಯದಲ್ಲಿ ನಿಜ ಹೇಳೋ ಗಂಡಸ್ರು ಕಮ್ಮಿ. ಯಾವ ರಸ್ತೆ?"

"ಚಿಕ್ಕಬಳ್ಳಾಪುರ, ಗೌರಿಬಿದನೂರು. ವಾರಕ್ಕೆ ಆರು ದಿನ."

"ಸ್ಪೀಡು?"

"ಐವತ್ತು. ಟ್ರ್ಯಾಕ್ಟರ್ ಸಿಕ್ಕಿದರೆ ಇಪ್ಪತ್ತು."

"ಏರಲ್ಲಿ ಯಾವ ಗೇರು?"

"ಎರಡು. ಮೂರಕ್ಕೆ ಹಾಕೋಕೆ ಭಯ."

"ಭಯ ಇರ್ಲಿ, ಒಳ್ಳೇದೇ." ಬರೆದುಕೊಂಡರು. ನನಗೆ ಸಮಾಧಾನವೇ ಆಗುತ್ತಿತ್ತು. ಕಚೇರಿಯಲ್ಲಿ ಅರ್ಜಿ ತುಂಬಿಸಿದ ಹಾಗೆ, ಕೇಳಿದ್ದಕ್ಕೆ ಇದ್ದದ್ದು ಹೇಳಿದರಾಯಿತು.

"ಗಾಡೀಲಿ ಎಷ್ಟು ಜನ ಕೂರ್ತೀರಾ? ಭಾರ ಗೊತ್ತಾಗ್ಬೇಕು."

"ಇಬ್ಬರು" ಎಂದೆ.

ತಾತ ಬರೆಯಲಿಲ್ಲ. ಪೆನ್ಸಿಲು ಹಿಡಿದ ಕೈ ಹಾಗೇ ನಿಂತಿತು. ಮುಖ ಎತ್ತಿ ನನ್ನನ್ನು ನೋಡಲೂ ಇಲ್ಲ. ನಾನೇ ಸರಿಪಡಿಸಬೇಕಾಯಿತು. ಮರಣ ಪತ್ರಕ್ಕೆ ಅರ್ಜಿ ಬರೆದಿದ್ದೆ, ಪಿಂಚಣಿ ಕಾಗದಕ್ಕೆ ಸಹಿ ಹಾಕಿದ್ದೆ, ಎಷ್ಟೋ ಜನಕ್ಕೆ ‘ಅವರು ಹೋಗಿಬಿಟ್ಟರು’ ಎಂದು ಹೇಳಿದ್ದೆ. ಅದೆಲ್ಲ ಅವರ ವಿಷಯ. ನನ್ನ ವಿಷಯದಲ್ಲಿ ಊಟ, ನಿದ್ದೆ ಬಿಟ್ಟು ಬೇರೇನನ್ನೂ ಇದುವರೆಗೆ ಯಾರೂ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

"ಒಬ್ಬಳೇ" ಎಂದೆ.

ಹೇಳಿದ್ದೇ ತಡ, ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ಅಳು. ಕಬ್ಬಿಣದ ಪುಡಿ ಬಿದ್ದಿದ್ದ ಆ ನೆಲದ ಮೇಲೆ ಕಾಲೂರಿ, ಸ್ಟೂಲು ಅಲುಗಾಡುವ ಹಾಗೆ ಅತ್ತೆ. ತಾತ ಸಮಾಧಾನ ಹೇಳಲಿಲ್ಲ, ಪಾಪ ಎನ್ನಲಿಲ್ಲ. ‘ಒಬ್ಬರು’ ಎಂದು ಬರೆದುಕೊಂಡು, ಕೆಳಗಿನ ಸಾಲಿಗೆ ಬಂದರು.

"ಎ.ಸಿ. ಹಾಕ್ತೀಯಾ ತಾಯಿ?"

"ಹಾಕ್ತೀನಿ" ಎಂದೆ, ಅಳುತ್ತಲೇ.