ಟ್ಯೂಬಾ ಊದುವವರ ಹೊಟ್ಟೆಯ ಮೇಲೆ ಏನಿಡಬೇಕು?

ನೋಡ್ರಪ್ಪ, ಕೌಲ್ ಬಜಾರಿನ ಮದುವೆ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಹಳೆ, ಆ ಟ್ಯೂಬಾ, ಊದುವವರು ನಮ್ಮ ಮನೆಯವರು. ಈಗೀಗ ಅರ್ಧ ಮೆರವಣಿಗೆಗೇ ಉಸಿರು ಸಾಲುತ್ತಿಲ್ಲ. "ಹಿಂಗಾದ್ರ ತಾಳ ಬಡಿಯಾಕ ಹಾಕ್ತೀನಿ" ಎಂದುಬಿಟ್ಟಿದ್ದಾರೆ ಬ್ಯಾಂಡ್ ಮಾಸ್ತರು.

ಟ್ಯೂಬಾದವರಿಗೆಂದೇ ಬರೆದದ್ದನ್ನು ಇವತ್ತು ಮೊಬೈಲಿನಲ್ಲಿ ಹುಡುಕಿ ಓದಿದೆ. ಅಂಗಾತ ಮಲಗಿ, ಹೊಟ್ಟೆಯ ಮೇಲೆ ದಪ್ಪ ಪುಸ್ತಕವಿಟ್ಟು, ಅದು ಮೇಲೇಳುವಂತೆ ಉಸಿರೆಳೆಯಬೇಕಂತೆ. ನಮ್ಮಲ್ಲಿ ದಪ್ಪ ಪುಸ್ತಕವೆಂದರೆ ದೇವರ ಜಗುಲಿಯ ಮೇಲಿನ ಪುರಾಣವೊಂದೇ.

"ಅದನ್ನ ಇಡು. ಉಸಿರು ಕೊಡಾವ ದೇವರ ಅಲ್ಲೇನು?" ಎಂದರು ನಮ್ಮ ಮನೆಯವರು.

"ಉಂಡ ಹೊಟ್ಟಿ ಮ್ಯಾಲೆ ಪುರಾಣ ಇಡ್ತಾರೇನ್ರೀ?" ಎಂದು ಜೋಳದ ಹಿಟ್ಟಿನ ಡಬ್ಬಿ ಇಟ್ಟೆ.

ಹಾಗೇ ನಿದ್ದೆ ಹೋದರು. ಗೊರಕೆಗೆ ಡಬ್ಬಿ ಎತ್ತರಕ್ಕೆ ಏಳುತ್ತಿದೆ, ನಿಧಾನಕ್ಕೆ ಇಳಿಯುತ್ತಿದೆ. ಉಸಿರಿಗೇನೂ ಕೊರತೆಯಿಲ್ಲ.

ಮಲಗಿಕೊಂಡೇ ಮೆರವಣಿಗೆ ಹೋಗುವುದರ ಬಗ್ಗೆ ಯಾರಾದರೂ ಬರೆದಿದ್ದರೆ ಕಳಿಸಿರಿ.