ಕೆರೆಗೆ ಗೋಂದು ಹಾಕುವ ಮುಂಚೆ

ತಂತಿಯಕ್ಕ ಮೇಜಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಬಿಟ್ಟುಹೋಗಿದ್ದ ಒಂದು ತಂತಿಗೆ ಬೆಸುಗೆ ಹಾಕುತ್ತಿದ್ದಳು. ಮೇಜು ಅಂದರೆ ಊಟದ ಮೇಜಲ್ಲ. ಮಹಡಿಯ ಕೋಣೆಯನ್ನು ಮೂರು ಗೋಡೆಯವರೆಗೂ ತುಂಬಿಕೊಂಡ ಪ್ಲೈವುಡ್ ಹಾಸು. ಅದರ ಮೇಲೆ ಅವಳ ಅಣ್ಣನ ಆಟಿಕೆ ರೈಲು: ಗುಡ್ಡ, ಸೇತುವೆ, ಸ್ಟೇಷನ್ನು, ಬೆರಳುದ್ದದ ದೀಪದ ಕಂಬಗಳು. ನೋಡುವವರಿಗೆ ಬಾಗಿಲ ಪಕ್ಕದ ಒಂದು ಪಟ್ಟಿ ಜಾಗ ಮಾತ್ರ.

ಆ ಪಟ್ಟಿಯಲ್ಲಿ ನಿಂತವರ ಮಾತು ಪ್ಲೈವುಡ್ಡಿನ ಕೆಳಗೂ ಚೆನ್ನಾಗಿ ಕೇಳಿಸುತ್ತಿತ್ತು.

"ಈ ಗುಡ್ಡಗಳ ನಡುವೆ ಖಾಲಿ ಜಾಗ ಇದೆಯಲ್ಲ, ನನ್ನ ಕಣ್ಣಿಗೆ ಚುಚ್ತಿದೆ," ಅಂದದ್ದು ಅಣ್ಣ. ಬೀದಿಗೆಲ್ಲ ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. "ಮುಂದಿನ ಸೋಮವಾರ ನಮ್ಮ ಸ್ಕೂಲಿನ ಮಕ್ಕಳು ನೋಡೋಕೆ ಬರ್ತಾರೆ. ಅಷ್ಟರೊಳಗೆ ಏನಾದ್ರೂ ತುಂಬಿಸಿಬಿಡಬೇಕು."

"ಪೆಟ್ರೋಲ್ ಬಂಕ್ ಹಾಕಿ ಮೇಷ್ಟ್ರೇ," ಅಂದ ಎದುರಿನ ಬ್ಯಾಟರಿ ಅಂಗಡಿಯವನು. ರಜೆ ದಿನ ಬಂದು ರೈಲು ನೋಡಿ, ಕೇಳದೆ ಇದ್ದರೂ ಸಲಹೆ ಕೊಟ್ಟು ಹೋಗುವುದು ಅವನ ಅಭ್ಯಾಸ.

"ರೈಲು ನೋಡೋಕೆ ಬಂದೋರಿಗೆ ಬಂಕ್ ಯಾಕಪ್ಪ?" ಇದು ಅತ್ತಿಗೆ. "ರೀ, ಒಂದು ತೋಟ ಮಾಡಿ. ನಾಲ್ಕು ಹೂವಾದ್ರೂ ಇರ್ಲಿ."

"ಹೂವು ಅಷ್ಟು ದೂರಕ್ಕೆ ಯಾರಿಗೆ ಕಾಣತ್ತೆ? ಕೆರೆ ಮಾಡ್ತೀನಿ. ಗುಡ್ಡದ ನೆರಳು ನೀರಲ್ಲಿ ಬೀಳಬೇಕು, ಹಾಗೆ."

ಕೆಳಗೆ ಮಲಗಿದ್ದವಳ ಕಿವಿ ಬಿಸಿಯಾಯಿತು. ಬೆಸುಗೆ ಕಡ್ಡಿಯನ್ನು ಪಕ್ಕಕ್ಕಿಟ್ಟು, ಮಂಡಿಯೂರಿ ತೆವಳಿ, ಆ ಖಾಲಿ ಜಾಗದ, ಅಂದರೆ ಪ್ಲೈವುಡ್ಡಿನಲ್ಲಿ ಆಳು ತೂರುವಷ್ಟು ಕೊರೆದಿದ್ದ ಕಿಂಡಿಯ, ಕೆಳಗೆ ಬಂದು ಸೀದಾ ಎದ್ದು ನಿಂತಳು. ಎರಡು ಗುಡ್ಡಗಳ ನಡುವಿನಿಂದ ಮೊದಲು ಅವಳ ತಲೆ ಮೂಡಿತು, ಆಮೇಲೆ ಭುಜ, ಆಮೇಲೆ ಸೊಂಟದವರೆಗೆ ಪೂರ್ತಿ ಅವಳು.

"ಒಳ್ಳೇ ಹೊತ್ತಿಗೆ ಬಂದೆ," ಅಂದರು ಮೇಷ್ಟ್ರು, ಅಳತೆ ಟೇಪನ್ನು ಅವಳತ್ತ ಚಾಚಿ. "ನನಗೆ ಕೈ ಎಟುಕಲ್ಲ. ಹೇಗೂ ಅಲ್ಲೇ ಇದೀಯಲ್ಲ, ಆ ಖಾಲಿ ಜಾಗದ ಉದ್ದ ಅಗಲ ಎಷ್ಟು ಅಂತ ಅಳೆದು ಹೇಳಿಬಿಡು."

ಅವಳು ಟೇಪು ಮುಟ್ಟಲಿಲ್ಲ. "ಅಣ್ಣ, ಇದು ಖಾಲಿ ಜಾಗ ಅಲ್ಲ. ನಾನು ನಿಂತ್ಕೊಳ್ಳೋ ಜಾಗ."

"ದಿನಾ ನಿಂತಿರ್ತೀಯಾ? ಯಾವತ್ತೋ ಗಾಡಿ ಬಿದ್ರೆ ಬರ್ತೀಯ."

"ವಾರಕ್ಕೆ ನಾಲ್ಕು ಸಲ ಬೀಳತ್ತೆ. ಹಿಂದಿನ ಗೋಡೆ ತಿರುವಲ್ಲೇ ಬೀಳತ್ತೆ. ಇಲ್ಲಿಂದ ಬಿಟ್ರೆ ಅಲ್ಲಿಗೆ ಇನ್ನೆಲ್ಲಿಂದ ಕೈ ಹೋಗತ್ತೆ?"

"ಅದಕ್ಕೇ ನಿನ್ನ ವೈರಿಂಗ್ ಸರಿ ಮಾಡ್ಕೋ ಅನ್ನೋದು. ಕೆರೆ ಗೋಂದು ಹಾಕಿ ಗಟ್ಟಿ ಕೂರಿಸ್ತೀನಿ. ಸುತ್ತ ಒಂದು ಸಂದು ಕಾಣಬಾರದು."

ವೈರಿಂಗ್ ಅಂದದ್ದೇ ಅವಳ ಸಿಟ್ಟು ನೆತ್ತಿಗೇರಿತು. ಆ ತಿರುವನ್ನು ಅಷ್ಟು ಬಿಗಿಯಾಗಿ ಬಗ್ಗಿಸಿದ್ದು ಮೇಷ್ಟ್ರೇ. ಅಗಲ ಬಿಟ್ಟರೆ ಗುಡ್ಡದ ಅಂದ ಕೆಡುತ್ತದೆ ಅಂತ. ಇಂಜಿನ್ನಿಗೇನು ಗೊತ್ತು ಅಂದ ಚಂದ? ಬಂದದ್ದೇ ತಿರುಗಲಾಗದೆ ಮಗುಚಿಕೊಳ್ಳುತ್ತಿತ್ತು. ಆರು ವರ್ಷದಿಂದ ಇದನ್ನು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

"ಅಳತೆ ನೀನೇ ತಗೋ," ಅಂದಳು. ಮುಳುಗಿದಳು. ತೆವಳಿ ಹೊರಬಂದು, ಮೂವರ ನಡುವೆ ನುಗ್ಗಿ ಮೆಟ್ಟಿಲಿಳಿದು ಹೋದಳು.

ಮಹಡಿಯ ಕೆಳಗೇ ಅವಳ ಅಂಗಡಿ. ಸುಟ್ಟುಹೋದ ಫ್ಯಾನು, ಮಿಕ್ಸಿ, ಪಂಪಿನ ಮೋಟರುಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮೂವತ್ತೊಂದು ವರ್ಷ ಸುತ್ತಿದ್ದಾಳೆ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಕಣ್ಣಲ್ಲೇ ಸುಡುತ್ತಾಳೆ. ಅಪ್ಪ ಆ ಅಂಗಡಿಗೆ ಬೋರ್ಡು ಬರೆಸುವಾಗ ತನ್ನ ಹೆಸರಿನ ಮುಂದೆ "ಮತ್ತು ಮಗ" ಅಂತ ಸೇರಿಸಿದ್ದ. ಮಗ ಆ ಅಕ್ಷರಗಳನ್ನು ಮುತ್ತಿನ ಹಾಗೆ ಬರೆದುಕೊಟ್ಟು ಶಾಲೆಗೆ ಡ್ರಾಯಿಂಗ್ ಕಲಿಸಲು ಹೋದ. ಕಾಯಿಲ್ ಮುಂದೆ ಕೂತದ್ದು ಮಗಳು. ಈಗಲೂ ಹೊಸ ಗಿರಾಕಿ ಬಂದರೆ ಅವಳ ಕೈಯಲ್ಲಿರುವ ಮೋಟರನ್ನೂ ಅವಳ ಮುಖವನ್ನೂ ನೋಡಿ, "ಮೇಸ್ತ್ರಿ ಇಲ್ವಾಮ್ಮ?" ಅನ್ನುತ್ತಾನೆ. "ಊಟಕ್ಕೆ ಹೋಗಿದಾರೆ, ಮೂವತ್ತು ವರ್ಷ ಆಯ್ತು," ಅನ್ನುತ್ತಾಳೆ ಅವಳು.

ಮೇಷ್ಟ್ರು ನಿವೃತ್ತರಾದಾಗ ಒಂದು ಪುಟ್ಟ ಇಂಜಿನ್ ಕೊಂಡುತಂದು, "ಗುಡ್ಡ ನನ್ನದು, ಕರೆಂಟು ನಿನ್ನದು," ಅಂದಿದ್ದರು. ಅವಳಿಗೂ ಖುಷಿಯಾಗಿತ್ತು, ಸುಳ್ಳು ಯಾಕೆ. ಗಿರಾಕಿಯ ಮೋಟರು ಬಿಟ್ಟು ಓಡಿಹೋಗಿ ದೀಪ ಹೊತ್ತಿಸಿದ್ದಳು, ಸಿಗ್ನಲ್ ಕೈ ಏಳುವ ಹಾಗೆ ಮಾಡಿದ್ದಳು. ಎರಡು ವರ್ಷದ ಹಿಂದೆ ಪತ್ರಿಕೆಯವರು ಫೋಟೋ ತೆಗೆಯಲು ಬಂದಿದ್ದರು. "ಸ್ವಲ್ಪ ಬಗ್ಗಿಕೋ, ಗುಡ್ಡಕ್ಕೆ ಅಡ್ಡ ಬರ್ತೀಯ," ಅಂದರು ಅಣ್ಣ. ಅವಳು ಬಗ್ಗಿದಳು. ಅರ್ಧ ಗಂಟೆ ಮಂಡಿಯ ಮೇಲೆ ಕೂತು, ಅದೇ ಹೊತ್ತಿಗೆ ಕೈಕೊಟ್ಟಿದ್ದ ಒಂದು ತಂತಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು. ಫೋಟೋದಲ್ಲಿ ರೈಲು ಓಡುತ್ತಿತ್ತು, ಮೇಷ್ಟ್ರು ನಗುತ್ತಿದ್ದರು.

ಆಗಲೂ ಅವಳು ಬಾಯಿ ಬಿಟ್ಟಿರಲಿಲ್ಲ. ಬಗ್ಗು ಅಂದರೆ ಮತ್ತೆ ಏಳಬಹುದು. ಗೋಂದು ಹಾಕಿದ ಮೇಲೆ ಎಲ್ಲಿಂದ ಏಳುವುದು?

ವಾರವಿಡೀ ಮೇಲೆ ಹೋಗಲಿಲ್ಲ. ತಂತಿ ಎಷ್ಟು ಬಿಗಿಯಾಗಿ ಸುತ್ತಿದಳೆಂದರೆ ಎರಡು ಸಲ ಹರಿಯಿತು.

ಶನಿವಾರ ಮಧ್ಯಾಹ್ನ ಮೇಲೆ ಸ್ಟೂಲ್ ಎಳೆದ ಸದ್ದಾಯಿತು. ಬ್ಯಾಟರಿ ಅಂಗಡಿಯವನ ಉದ್ದ ಕೈ ಬೇಕಾಗಿದೆ, ಕೆರೆ ಕೂರಿಸುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಯಿತು. ಆಮೇಲೆ ರೈಲು ಹೊರಟಿತು. ಸೇತುವೆ ದಾಟಿತು, ಸ್ಟೇಷನ್ ದಾಟಿತು. ಹಿಂದಿನ ಗೋಡೆ. ಟಪ್.

ಮೂರು ನಿಮಿಷಕ್ಕೆ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು. "ಬಾರೇ, ಗಾಡಿ ಬಿದ್ದಿದೆ."

"ಈಜಿಕೊಂಡು ಹೋಗಿ ಎತ್ಕೊಳ್ಳಲಿ."

"ನಿಮ್ಮಿಬ್ಬರ ಮಧ್ಯೆ ನನ್ನ ಯಾಕಮ್ಮ ಅರೀತೀರ? ನನಗೆ ಮೆಟ್ಟಿಲು ಹತ್ತಿ ಇಳಿದೇ ಸಾಕಾಗಿದೆ."

"ನಿಮ್ಮನ್ನಲ್ಲ ಅತ್ತಿಗೆ. ನಡೀರಿ, ಬರ್ತೀನಿ."

ಕೆರೆ ನಿಜಕ್ಕೂ ಚೆನ್ನಾಗಿತ್ತು. ಕಿಂಡಿಗೆ ಮುಚ್ಚಳದ ಹಾಗೆ ಕೂತ ಹಲಗೆ, ಅದರ ಮೇಲೆ ದಡದ ಕೆಸರು, ಅಂಚಿಗೆ ಹುಲ್ಲು, ನಡುವೆ ಗುಡ್ಡದ ನೆರಳು. ಅದರ ಆಚೆ ಇಂಜಿನ್ ಮಗ್ಗುಲಾಗಿ ಬಿದ್ದಿತ್ತು. ಮೇಜಿನ ಅಂಚಿನಲ್ಲಿ ಮುಚ್ಚಳ ತೆಗೆದಿಟ್ಟ ಗೋಂದಿನ ಡಬ್ಬಿ, ಅದರೊಳಗೆ ಕುಂಚ.

"ಒಂದು ನಿಮಿಷದ ಕೆಲಸ," ಅಂದರು ಮೇಷ್ಟ್ರು, ಅವಳ ಮುಖ ನೋಡದೆ. "ಕೆರೆ ಎತ್ತಿ ಬಂದು ಗಾಡಿ ಕೂರಿಸಿಬಿಡು. ಆಮೇಲೆ ಗೋಂದು ಹಾಕ್ತೀನಿ."

"ಹಾಕಿದ ಮೇಲೆ ಬಿದ್ರೆ?"

"ಬೀಳಲ್ಲ."

"ಈಗ ಯಾಕೆ ಬಿತ್ತು? ನನ್ನ ವೈರಿಂಗಾ?"

ಮೇಷ್ಟ್ರು ಕನ್ನಡಕ ಒರೆಸಿದರು. ಬ್ಯಾಟರಿ ಅಂಗಡಿಯವನು ಗುಡ್ಡ ನೋಡಿದ.

"ನೀನು ಹೋಗು," ಅಂದಳು ತಂತಿಯಕ್ಕ. "ಕೆಳಗಡೆಯಿಂದ."

"ನನ್ನ ಮಂಡಿ ಗೊತ್ತಲ್ಲ ನಿಂಗೆ."

"ನಂದು ಮಂಡಿ ಅಲ್ವಾ, ಸ್ಟೂಲಿನ ಕಾಲಾ?"

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಅತ್ತಿತ್ತ ನೋಡಿದರು. ಯಾರೂ ಬಿಡಿಸಲು ಬರಲಿಲ್ಲ. ಪ್ಯಾಂಟು ಮೇಲೆ ಮಡಚಿ, ಗೊಣಗುತ್ತ ಕೆಳಗೆ ನುಸುಳಿದರು. ಒಂದು ಸಲ ತಲೆ ಬಡಿದುಕೊಂಡರು. ಇನ್ನೊಂದು ಸಲವೂ.

"ಇಲ್ಲೆಲ್ಲ ಏನೋ ಚೀಟಿ ಅಂಟಿಸಿದೆ," ಅಂತ ಒಳಗಿನಿಂದ ದನಿ ಬಂತು.

"ಓದು."

"ಸ್ಟೇಷನ್ ದೀಪ. ಸೇತುವೆ. ಸಿಗ್ನಲ್ ಎಡಗೈ." ಸ್ವಲ್ಪ ತಡೆದು, "ಅಣ್ಣನ ತಿರುವು, ಹುಷಾರು."

"ಆರು ವರ್ಷದಿಂದ ಅಲ್ಲೇ ಇದೆ. ನೀನು ನೋಡಿದ್ದು ಇವತ್ತು."

ಕೆರೆ ಅಲುಗಾಡಿತು. ತಲೆಯ ಮೇಲೆ ಕೆರೆ ಹೊತ್ತುಕೊಂಡೇ ಮೇಷ್ಟ್ರು ಮೇಲೆದ್ದರು. ಬ್ಯಾಟರಿ ಅಂಗಡಿಯವನು ಸ್ಟೂಲ್ ಹತ್ತಿ ಅದನ್ನು ಇಸಿದುಕೊಂಡ. ಮೇಷ್ಟ್ರು ಗೋಡೆಯತ್ತ ತಿರುಗಿ, ಕೈ ಚಾಚಿ, ಇಂಜಿನ್ ಎತ್ತಿ ಹಳಿಯ ಮೇಲಿಟ್ಟರು. ಹಿಂದಿನ ಚಕ್ರ ಕೂತರೆ ಮುಂದಿನದು ಜಾರಿತು. ಮುಂದಿನದು ಕೂರಿಸಿದರೆ ಹಿಂದಿನದು.

ಆ ಹೊತ್ತಿನಲ್ಲಿ ತಂತಿಯಕ್ಕ ಬಾಗಿಲ ಪಕ್ಕದ ಪಟ್ಟಿಯಲ್ಲಿ, ನೋಡುವವರು ನಿಲ್ಲುವ ಕಡೆ ನಿಂತಿದ್ದಳು. ತಾನು ಹೊತ್ತಿಸಿದ ದೀಪಗಳನ್ನು ಈ ಕಡೆಯಿಂದ ಅವಳು ಒಮ್ಮೆಯೂ ಇಷ್ಟು ಹೊತ್ತು ನೋಡಿರಲಿಲ್ಲ. ಒಂದರ ಹಿಂದೊಂದು ಗುಡ್ಡ, ಸಾಲುದೀಪ, ದೂರ ದೂರಕ್ಕೆ ಹೋಗುವ ಹಾಗೆ ಕಾಣುವ ಹಳಿ. ಚಂದವಾಗಿತ್ತು. ಇಷ್ಟು ಚಂದದ್ದನ್ನು ಇಬ್ಬರೂ ಕೂಡಿ ಮಾಡಿ, ಒಬ್ಬಳು ಮಾತ್ರ ಬಗ್ಗಿಕೊಂಡಿದ್ದಳಲ್ಲ ಅಂತ ಅವಳಿಗೆ ಇನ್ನೂ ಉರಿಯಿತು.

ಐದನೇ ಸಲಕ್ಕೆ ಚಕ್ರಗಳೆಲ್ಲ ಕೂತವು. ಮೇಷ್ಟ್ರ ಅಂಗಿ ಬೆನ್ನಿಗೆ ಅಂಟಿತ್ತು.

"ಆಯ್ತು ಮಾರಾಯ್ತಿ," ಅಂದರು. "ಕೆರೆ ಬೇಡ. ಖಾಲಿನೇ ಬಿಟ್ಟುಬಿಡೋಣ."

"ಮತ್ತೆ ಖಾಲಿ ಅಂದ್ಯಾ? ಹಾಗೇ ಬಿಟ್ರೆ ನಾಳೆ ಇವರು ಬಂಕ್ ಕಟ್ಟಿ ಅಂತಾರೆ."

"ನಾನು ಸುಮ್ನೆ ತಮಾಷೆಗೆ ಅಂದೆ ಅಕ್ಕ," ಅಂದ ಬ್ಯಾಟರಿ ಅಂಗಡಿಯವನು, ಕೆರೆ ಹಿಡಿದುಕೊಂಡು ಸ್ಟೂಲಿನ ಮೇಲೆ.

"ಕೆರೆ ಇರಲಿ. ಗೋಂದು ಬೇಡ. ಸುತ್ತ ಅರ್ಧ ಬೆರಳು ಸಂದು ಬಿಡು. ಬೇಕಾದಾಗ ನಾನು ಎತ್ತಿ ಪಕ್ಕಕ್ಕಿಟ್ಟು ಬರ್ತೀನಿ."

ಮೇಷ್ಟ್ರ ಮುಖ ಹುಳ್ಳಗಾಯಿತು. "ಸಂದು ಕಾಣತ್ತೆ ಕಣೇ. ಇದೇನು ಗೆರೆ ಅಂತ ಮಕ್ಕಳು ಮೊದಲು ಅದನ್ನೇ ಕೇಳ್ತಾರೆ."

"ಕೇಳಲಿ. ಏನು ಹೇಳ್ತೀಯ?"

"ಏನು ಹೇಳೋದು? ರಿಪೇರಿಗೆ ಅಂತೀನಿ."

"ರಿಪೇರಿಗೆ ಅಲ್ಲ. ಈ ರೈಲು ಮಾಡಿದ್ದು ಇಬ್ಬರು, ನಾನು ಮತ್ತೆ ನನ್ನ ತಂಗಿ. ಅವಳು ಅಲ್ಲಿಂದ ಬರ್ತಾಳೆ ಅಂತ. ಹೇಳು."

ಮೇಷ್ಟ್ರು ಗುಡ್ಡಗಳ ನಡುವೆ ನಿಂತು ಏನೋ ಗೊಣಗಿದರು.

"ಕೊನೇ ಬೆಂಚಿಗೆ ಕೇಳಿಸಲಿಲ್ಲ," ಅಂದಳು ಅವಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಶಾಲೆಯ ದನಿಯಲ್ಲಿ, ಮೊದಲಿಂದ ಕೊನೆಯವರೆಗೂ ಹೇಳಿದರು. ಅತ್ತಿಗೆ ತಲೆಯಾಡಿಸಿದರು. ತಂತಿಯಕ್ಕನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕೆಳಗೆ ಹೋಗಿ ಅಂಗಡಿಯಿಂದ ಉಜ್ಜುವ ಮರಳು ಕಾಗದದ ಒಂದು ತುಂಡು ತಂದು, ಬ್ಯಾಟರಿ ಅಂಗಡಿಯವನ ಕೈಯಿಂದ ಕೆರೆಯ ಜೊತೆ ಅಣ್ಣನಿಗೆ ದಾಟಿಸಿದಳು. ಗೋಂದಿನ ಡಬ್ಬಿಗೆ ಮುಚ್ಚಳ ಬಿಗಿದಳು.

ಮೇಷ್ಟ್ರು ನಿಂತಲ್ಲೇ ಕೆರೆಯ ಅಂಚು ಉಜ್ಜತೊಡಗಿದರು. ವಾರವೆಲ್ಲ ಕೂತು ಬರೆದ ದಡದ ಕೆಸರು ಪುಡಿಪುಡಿಯಾಗಿ ಹಳಿಯ ಮೇಲೆ ಉದುರಿತು. ಒಂದು ಬದಿ ಮುಗಿಸಿ, ಸಾಕಾ ಅನ್ನುವ ಹಾಗೆ ತಲೆಯೆತ್ತಿ ನೋಡಿದರು.

"ಇನ್ನೂ ಮೂರು ಬದಿ ಇದೆ," ಅಂದಳು ತಂತಿಯಕ್ಕ.