ದ್ರಾಕ್ಷಾಯಣಕ್ಕ ಕಾಟಾ ಹತ್ತಿದಳು

ನನ್ನ ಓರಗಿತ್ತಿ ದ್ರಾಕ್ಷಾಯಣಿಯ ಸಿಟ್ಟಿನ ಬಗ್ಗೆ ಹಾರನಹಳ್ಳಿಯಲ್ಲಿ ಈಗಲೂ ಮಾತಾಡುತ್ತಾರೆ. ಬಾಯಿ ಜೋರು, ಅತ್ತೆಗೆ ಎದುರಾಡಿದವಳು, ಮಂಡಿಯಲ್ಲಿ ಗಂಡಸರ ನಡುವೆ ಹೋಗಿ ನಿಂತವಳು ಅನ್ನುತ್ತಾರೆ. ಆ ಸಿಟ್ಟು ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಅವಳು ಹಳೇಬೀಡಿನ ಹತ್ತಿರದ ಹುಲಿಕೆರೆಯವಳು. ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿದ್ದರು. ಐವತ್ತನಾಲ್ಕನೇ ಇಸವಿಯಲ್ಲಿ ನಮ್ಮ ಮನೆಯ ಹಿರಿಮಗ ರೇವಣಸಿದ್ದಪ್ಪನವರಿಗೆ ಅವಳನ್ನು ಕೊಟ್ಟರು. ಮರುವರ್ಷ ಅವರ ತಮ್ಮನ ಹೆಂಡತಿಯಾಗಿ ನಾನು ಬಂದೆ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ನಮ್ಮಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ನಮ್ಮದು ಕೊಬ್ಬರಿಯ ಮನೆ. ತೋಟದಿಂದ ಇಳಿಸಿದ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಒಣಗಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನಬೇಕು. ಆ ಅಟ್ಟದ ಕೆಳಗೇ ನಮ್ಮ ಅಡುಗೆ, ಊಟ, ನಿದ್ದೆ. ಕೊಟ್ಟಿಗೆಯಲ್ಲಿ ಎರಡು ಕರೆಯುವ ಎಮ್ಮೆ. ನೆಲುವಿನಲ್ಲಿ ಬೆಣ್ಣೆ, ಕಪಾಟಿನಲ್ಲಿ ತುಪ್ಪ. ತಿನ್ನುವುದಕ್ಕೆ ಏನೂ ಕಡಿಮೆ ಇರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಐವತ್ತಾರರಲ್ಲಿ ಅಕ್ಕ ಬಸುರಿಯಾದಳು. ಐದು ತಿಂಗಳು ತುಂಬುತ್ತಲೇ ನಮ್ಮತ್ತೆ ಶಿವಗಂಗಮ್ಮ ಕಟ್ಟಪ್ಪಣೆ ಮಾಡಿದರು.

"ಇವತ್ತಿಂದ ಅವಳಿಗೆ ಅರ್ಧ ಮುದ್ದೆ. ತುಪ್ಪ ಬ್ಯಾಡ, ಕಾಯಿ ಬ್ಯಾಡ, ಕಳ್ಳೆಕಾಯಿ ಬ್ಯಾಡ. ಸಾರಿಗೆ ಒಗ್ಗರಣೆನೂ ಬ್ಯಾಡ. ಜಿಡ್ಡು ತಿಂದ್ರೆ ಹೊಟ್ಟೇಲಿ ಕೂಸು ಬೆಳೆದು ಗಟ್ಟಿಯಾಗ್ತೈತೆ. ಆಮೇಲೆ ಹೊರಗೆ ಬರಕಿಲ್ಲ."

ಅಕ್ಕ ಅರ್ಧ ಮುದ್ದೆ ತಿಂದಳು. ಏಳನೇ ತಿಂಗಳಲ್ಲಿ ಸೀಮಂತ ಮಾಡಿದರು. ಕೇರಿಯ ಹೆಂಗಸರೆಲ್ಲ ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಂಡು ಉಂಡರು. ಹಸಿರು ಸೀರೆ ಉಟ್ಟು ನಡುವೆ ಕೂತವಳ ಎಲೆಗೆ ಅರ್ಧ ಒಣ ಹೋಳಿಗೆ. ಯಾರಾದರೂ ಕೇಳಿದರೇ? ಇಲ್ಲ. ನಾನೂ ಕೇಳಲಿಲ್ಲ. ಹೊಟ್ಟೆ ಮುಂದೆ ಬಂದಷ್ಟೂ ಅವಳ ಕೈಕಾಲು ಕಡ್ಡಿಯಾಗುತ್ತಿದ್ದವು. ಸೀಮಂತಕ್ಕೆ ತೊಡಿಸಿದ ಬಳೆ ಮೊಣಕೈತನಕ ಸರಿಯುತ್ತಿದ್ದವು.

ಒಂದು ಮಧ್ಯಾಹ್ನ ಕೊಬ್ಬರಿ ಸುಲಿದು ಚೀಲಕ್ಕೆ ತುಂಬುತ್ತಿದ್ದಾಗ ಒಡೆದ ಚೂರೊಂದನ್ನು ಅವಳು ಬಾಯಿಗೆ ಹಾಕಿಕೊಂಡಳು. ನಾನು ನೋಡಿದೆ. ಅತ್ತೆಗೆ ಹೇಳಿದೆ. ಯಾಕೆ ಹೇಳಿದೆ? ಮನೆಗೆ ಹೊಸಬಳು, ಅತ್ತೆಯ ಹತ್ತಿರ ಒಳ್ಳೆಯವಳು ಅನ್ನಿಸಿಕೊಳ್ಳಬೇಕಾಗಿತ್ತು. ಅತ್ತೆ ಬಂದು ಅಕ್ಕನ ದವಡೆ ಹಿಡಿದು, ಬಾಯಿಗೆ ಬೆರಳು ಹಾಕಿ, ಅಗಿದ ಕೊಬ್ಬರಿಯನ್ನು ಹೊರಗೆ ತೆಗೆದರು. ಏಳು ತಿಂಗಳ ಬಸುರಿ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಚೀಲ ತುಂಬಲು ಕೂತಳು.

ಮಗು ಹುಟ್ಟಿತು. ಗಂಡು. ಮುದುಕನ ಹಾಗೆ ಸುಕ್ಕುಗಟ್ಟಿದ ಚರ್ಮ, ಬೆಕ್ಕಿನ ಮರಿಯಂಥ ದನಿ. ಮೊಲೆ ಚೀಪುವ ಶಕ್ತಿಯೂ ಇರಲಿಲ್ಲ. "ಸುಸೂತ್ರ ಆಯ್ತಲ್ಲ" ಅಂತ ಅತ್ತೆ ಹಿಗ್ಗಿದರು. ಐದನೇ ದಿನ ಮಗು ಕಣ್ಣು ಬಿಡದಾದಾಗ ಅರಸೀಕೆರೆಯಿಂದ ನರ್ಸಮ್ಮ ಕಮಲಾಕ್ಷಮ್ಮನನ್ನು ಕರೆಸಿದರು. ಆಕೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಕೊಕ್ಕೆಯ ತಕ್ಕಡಿಗೆ ತೂಗುಹಾಕಿದರು.

"ನಾಲ್ಕು ಪೌಂಡೂ ಇಲ್ಲ" ಅಂದರು. ಆಮೇಲೆ ಅಕ್ಕನ ತೋಳು ಹಿಡಿದು ನೋಡಿದರು. "ಏನು ತಿಂತಿದ್ದೆ ತಾಯಿ?"

ಅಕ್ಕ ಹೇಳಿದಳು. ಕಮಲಾಕ್ಷಮ್ಮ ತಲೆಯೆತ್ತಿ ಅಟ್ಟ ನೋಡಿದರು. "ಇದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇಷ್ಟು ಕಾಯಿ ತಲೆಮೇಲೆ ಇಟ್ಟುಕೊಂಡು ಬಸುರಿಯನ್ನ ಉಪವಾಸ ಕೆಡವಿದ್ದೀರಲ್ಲ! ತಾಯಿ ಮೈಯಲ್ಲಿ ಇಲ್ಲದ್ದು ಮಗುವಿಗೆ ಎಲ್ಲಿಂದ ಬರಬೇಕು?"

ಒಂಬತ್ತನೇ ದಿನ ಮಗು ಹೋಯಿತು. ತೋಟದಲ್ಲಿ ಮಣ್ಣು ಮಾಡಿದರು. ಬಂದವರೆಲ್ಲ ಹಣೆಬರಹ ಅಂದರು. ಎಲ್ಲರೂ ಹೋದಮೇಲೆ ಅಕ್ಕ ಗಂಡನ ಮುಂದೆ ಬಂದು ನಿಂತಳು.

"ನಿಮಗೆ ಗೊತ್ತಿತ್ತಲ್ವಾ? ಪಕ್ಕದಲ್ಲೇ ಕೂತು ತುಪ್ಪ ಹಾಕ್ಕೊಂಡು ಉಣ್ತಿದ್ರಲ್ಲ."

"ಅವ್ವ ಹೇಳಿದ್ಮೇಲೆ ನಾನೇನ್ ಮಾಡ್ಲಿ?" ಅಂದರು ಭಾವ.

ಅತ್ತೆ ಅಳುತ್ತಾ ಅಡ್ಡ ಬಂದರು. ಅವರ ಸ್ವಂತ ತಂಗಿ, ಹದಿನೇಳು ವರ್ಷದವಳು, ದಪ್ಪ ಮಗು ಹೊರಗೆ ಬಾರದೆ ಮೂರು ದಿನ ಒದ್ದಾಡಿ ಅವರ ತೊಡೆಯ ಮೇಲೇ ಪ್ರಾಣ ಬಿಟ್ಟಿದ್ದಳಂತೆ. "ನಿಂಗೂ ಹಂಗಾಗಬಾರ್ದು ಅಂತ ಮಾಡ್ದೆ ಕಣವ್ವ. ಆ ಕಿರುಚಾಟ ಇನ್ನೂ ನನ್ನ ಕಿವೀಲೈತೆ."

ನನಗೆ ಅತ್ತೆಯ ಮೇಲೆ ಕನಿಕರ ಬಂತು. ಅಕ್ಕನಿಗೆ ಬರಲಿಲ್ಲ.

"ನಿಮ್ಮ ತಂಗಿ ಸತ್ತಿದ್ದಕ್ಕೆ ನನ್ನ ಮಗೂನ ಯಾಕ್ ಕೊಂದ್ರಿ?" ಅಂದಳು. ಆ ಮನೆಯಲ್ಲಿ ಅಂಥ ಮಾತು ಯಾರೂ ಆಡಿರಲಿಲ್ಲ. ಭಾವ ಕೈ ಎತ್ತಿದರು. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಕೈ ತಾನಾಗಿ ಕೆಳಗಿಳಿಯಿತು.

ಎರಡು ವರ್ಷದ ಮೇಲೆ ಮತ್ತೆ ಬಸುರಾದಳು. ಗೊತ್ತಾದ ದಿನವೇ ಬೆಳಿಗ್ಗೆ ಏಣಿ ಹತ್ತಿ ಅಟ್ಟದಿಂದ ಎರಡು ಉಂಡೆ ಕೊಬ್ಬರಿ ಮಡಿಲಲ್ಲಿ ಹಾಕಿಕೊಂಡು ಇಳಿದಳು. ಒಳಗೆ ಕೂತು ತಿನ್ನಬಹುದಿತ್ತು. ಬೀದಿಯ ಜಗಲಿಗೇ ಹೋಗಿ ಕೂತಳು. ಒಡೆದಳು, ಬೆಲ್ಲ ಕಚ್ಚಿಕೊಂಡು ತಿಂದಳು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿದರು.

"ಬಸುರಿ ಬೀದೀಲಿ ಕೂತು ತಿಂತಾಳಲ್ಲೇ, ನಾಚ್ಕೆ ಇಲ್ವಾ!" ಅಂತ ಅತ್ತೆ ಬಾಗಿಲಿನಿಂದ ಕೂಗಿದರು.

"ಒಳಗಡೆ ತಿಂದ್ರೆ ಬಾಯಿಂದ ತೆಗೀತೀರಲ್ಲ. ಇಲ್ಲಿ ತೆಗೀರಿ, ಎಲ್ಲಾರೂ ನೋಡ್ಲಿ" ಅಂದಳು.

ಮಾರನೆಯ ದಿನ ಏಣಿ ಮಾಯವಾಯಿತು. ಅಕ್ಕ ಸೀರೆ ಬದಲಾಯಿಸಿ ಅರಸೀಕೆರೆಯ ಬಸ್ಸಿಗೆ ಹೊರಟಳು. "ನೀನೂ ಬಾ ಕಾಂತಾ" ಅಂತ ನನ್ನನ್ನೂ ಕರೆದಳು. ಹೆದರಿಕೊಂಡೇ ಹಿಂದೆ ಹೋದೆ.

ಕಮಲಾಕ್ಷಮ್ಮ ಅವಳನ್ನು ಪರೀಕ್ಷೆ ಮಾಡಿ, ಕೊಬ್ಬರಿ ಒಂದೇ ಸಾಲದು, ಹಾಲು, ಕಾಳು, ಸೊಪ್ಪು, ಹೊಟ್ಟೆ ತುಂಬ ಮುದ್ದೆ ಎಲ್ಲ ಬೇಕು ಅಂದರು. "ತಿಂಗಳು ತಿಂಗಳೂ ತೂಕ ನೋಡಬೇಕು. ಸ್ವಲ್ಪ ಸ್ವಲ್ಪವೇ ಏರಬೇಕು. ಒಂದೇ ವಾರಕ್ಕೆ ದಿಢೀರ್ ಅಂತ ಏರಿದರೆ, ಕಾಲು ಊದಿದರೆ, ಅದು ಮೈ ಬಂದಿದ್ದಲ್ಲ, ನೀರು. ಆಗ ತಕ್ಷಣ ಬಾ. ಆದರೆ ನನ್ನ ಹತ್ತಿರ ಇರೋದು ಕೂಸು ತೂಗೋ ತಕ್ಕಡಿ ಕಣಮ್ಮ, ದೊಡ್ಡವರನ್ನ ತೂಗೋದು ಇಲ್ಲ."

"ನಮ್ಮನೆಯೋರು ಕೊಬ್ಬರಿ ತೂಗ್ಸೋ ಜಾಗ ಐತಲ್ಲ" ಅಂದಳು ಅಕ್ಕ.

ನೇರ ಕೊಬ್ಬರಿ ಮಂಡಿಗೆ ನಡೆದಳು. ಸಂತೆಯ ದಿನ. ಮಂಡಿಯ ತುಂಬ ತಲೆಗೆ ವಸ್ತ್ರ ಸುತ್ತಿದ ಗಂಡಸರು. ನಮ್ಮ ಭಾವನೂ ಅಲ್ಲೇ, ನಮ್ಮ ಮನೆಯ ಚೀಲಗಳ ಪಕ್ಕ ನಿಂತಿದ್ದರು. ಅಕ್ಕ ಯಾರ ಮುಖವನ್ನೂ ನೋಡದೆ ಹೋಗಿ ಚೀಲ ತೂಗುವ ಕಾಟಾದ ಹಲಗೆಯ ಮೇಲೆ ನಿಂತುಬಿಟ್ಟಳು.

"ಇದೇನವ್ವಾ!" ಅಂದರು ತೂಕದ ಹನುಮಂತಯ್ಯ.

"ತೂಗಿ. ಗಟ್ಟಿಯಾಗಿ ಹೇಳಿ."

ಭಾವ ಓಡಿಬಂದರು. "ಏಯ್, ಮಾನ ಕಳೀತೀಯಾ? ಇಳಿ ಕೆಳಗೆ!"

"ಕೊಬ್ಬರಿ ಚೀಲ ನಿಂತಾಗ ಮಾನ ಹೋಗ್ಲಿಲ್ಲ. ನಾನು ನಿಂತ್ರೆ ಹೋಗ್ತದಾ? ತೂಗಿ ಹನುಮಂತಯ್ಯನೋರೆ."

ಹನುಮಂತಯ್ಯ ಆಚೆ ಈಚೆ ನೋಡಿ, ಗುಂಡು ಸರಿಸಿ, "ಎಂಬತ್ತಾರು ಪೌಂಡು" ಅಂದರು. ಸುಮ್ಮನಿರದೆ ಇನ್ನೊಂದು ಮಾತನ್ನೂ ಸೇರಿಸಿದರು. "ರೇವಣಸಿದ್ದಪ್ಪ, ನಿಮ್ಮನೆ ಚೀಲಕ್ಕಿಂತ ನಿಮ್ಮನೆ ಯಜಮಾನ್ತಿ ಹಗುರ ಅವ್ರಲ್ಲಪ್ಪ."

ಯಾರೂ ನಗಲಿಲ್ಲ. ಭಾವ ತಲೆ ತಗ್ಗಿಸಿದರು. ಆ ಸಂಜೆ ಅವರು ತಾವೇ ಏಣಿ ತಂದು ಗೋಡೆಗೆ ಆನಿಸಿ, ಅವ್ವನ ಕಡೆ ತಿರುಗದೆ ಕೈಕಾಲು ತೊಳೆಯಲು ಹೋದರು.

ಅಲ್ಲಿಂದ ಪ್ರತಿ ತಿಂಗಳೂ ಒಂದು ಸಂತೆಗೆ ನಾವಿಬ್ಬರೂ ಮಂಡಿಗೆ ಹೋಗುತ್ತಿದ್ದೆವು. ಎಂಬತ್ತೊಂಬತ್ತು, ತೊಂಬತ್ತಮೂರು, ತೊಂಬತ್ತೇಳು. ಬರಬರುತ್ತಾ ಮಂಡಿಯ ಗಂಡಸರೇ ಚೀಲ ಸರಿಸಿ ದಾರಿ ಬಿಡುತ್ತಿದ್ದರು. ಅಕ್ಕನಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಒಮ್ಮೆ ಅಂದಳು: "ಇಷ್ಟು ಸುಲಭದ ಕೆಲ್ಸ ಇತ್ತಲ್ಲೇ ಕಾಂತಾ. ತಿನ್ನೋದು. ಬರೀ ತಿನ್ನೋದು."

ಹೆರಿಗೆ ಸುಲಭವಾಗಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಹಿಡಿದ ನೋವು ಮರುದಿನ ಮಧ್ಯಾಹ್ನವಾದರೂ ಬಿಡಲಿಲ್ಲ. ಅತ್ತೆ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಕಿವಿ ಮುಚ್ಚಿಕೊಂಡಿದ್ದರು. "ಹೇಳ್ದೆ, ಹೇಳ್ದೆ, ಕೇಳ್ಲಿಲ್ಲ" ಅನ್ನುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಕಮಲಾಕ್ಷಮ್ಮನ ಕೈಗೆ ಹೆಣ್ಣುಮಗು ಬಂತು. ಆರೂವರೆ ಪೌಂಡು. ಅದರ ಅಳು ಮೂರನೇ ಮನೆಗೆ ಕೇಳಿಸಿತು.

ಅತ್ತೆ ಓಡಿಬಂದು ಎರಡೂ ಕೈ ಚಾಚಿದರು. ಅಕ್ಕನಿಗೆ ಕಣ್ಣು ತೆರೆಯಲೂ ತ್ರಾಣವಿರಲಿಲ್ಲ. ಆದರೂ, "ಅವರ ಕೈಗೆ ಕೊಡ್ಬೇಡಿ" ಅಂದಳು. ಕಮಲಾಕ್ಷಮ್ಮ ಮಗುವನ್ನು ನನ್ನ ಕೈಗೆ ಕೊಟ್ಟರು. ಅತ್ತೆಯ ಚಾಚಿದ ಕೈ ಹಾಗೇ ನಿಂತಿತ್ತು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಮರುವರ್ಷ ನಾನು ಬಸುರಿಯಾದೆ. ಬಡಿಸುವ ಕೆಲಸ ಅಷ್ಟು ಹೊತ್ತಿಗೆ ಅಕ್ಕನದಾಗಿತ್ತು. ಮೊದಲ ದಿನವೇ ನನ್ನ ತಟ್ಟೆಯಲ್ಲಿ ಎರಡು ಮುದ್ದೆ ಇಟ್ಟು, ಸಾರು ಹುಯ್ದು, ಮೇಲೆ ತುಪ್ಪ ಹಾಕಿ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು.

"ತಿನ್ನು. ಅವತ್ತು ಅತ್ತೆಗೆ ಹೇಳ್ಕೊಟ್ಟೋಳು ನೀನೇ ಅಲ್ವಾ? ತಿನ್ನು."

ಅವಳಿಗೆ ಮೊದಲಿನಿಂದ ಗೊತ್ತಿತ್ತು. ಮೂರು ವರ್ಷ ಆ ಮಾತೆತ್ತಿರಲಿಲ್ಲ, ತಿಂಗಳು ತಿಂಗಳೂ ಮಂಡಿಗೆ ಹೋಗುವಾಗ ಬಸ್ಸಿನಲ್ಲಿ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಅಳುತ್ತಾ ತಿಂದೆ. ಅವಳು ಎದುರಿಗೆ ನಿಂತು ಕೊನೆಯ ತುತ್ತಿನವರೆಗೂ ಕಾದಳು, ತಟ್ಟೆ ಎತ್ತಿಕೊಂಡು ಹೋದಳು. ಒಂಬತ್ತು ತಿಂಗಳೂ ಹೀಗೇ. ನನ್ನ ಮಗ ಏಳು ಪೌಂಡು ಹುಟ್ಟಿದ.

ಅರವತ್ತೇಳರಲ್ಲಿ ಅತ್ತೆ ಹಾಸಿಗೆ ಹಿಡಿದರು. ಎಂಟು ತಿಂಗಳು ಅವರ ಮಲಮೂತ್ರ ತೆಗೆದವಳು ಅಕ್ಕನೇ. ಹೊತ್ತು ಹೊತ್ತಿಗೆ ಗಂಜಿಗೆ ಬೆಣ್ಣೆ ಕಲಸಿ ಕುಡಿಸುತ್ತಿದ್ದಳು. ಕೊನೆಯ ವಾರ ಅತ್ತೆ ಅವಳ ಮುಂಗೈ ಹಿಡಿದು, "ಆಗಿದ್ದು ಮರೆತುಬಿಡವ್ವ" ಅಂದರು. ನಾನು ಬಾಗಿಲಲ್ಲೇ ಇದ್ದೆ. ಅಕ್ಕ ಅವರ ತುಟಿ ಒರೆಸಿದಳು.

"ಮರೆಯಕಾಗಲ್ಲ ಅತ್ತೆ. ಇನ್ನೊಂದು ಗುಟುಕು ಕುಡೀರಿ" ಅಂದಳು.

ಅತ್ತೆ ಕುಡಿದರು.